ಸೇರಿಸುವುದೋ ಬೇಡವೋ

ಕಳೆದ ವರ್ಷ ಮೇ ತಿಂಗಳ ಒಂದು ಸಂಜೆ ತೀರ್ಥಹಳ್ಳಿಯ ಕಡೆಯ ಒಬ್ಬ ಅಡಿಕೆ ಬೆಳೆಗಾರರು, ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರದ ಪಾಠ ಹೇಳುತ್ತಿದ್ದ ಕಾಲದಿಂದಲೂ ಪರಿಚಿತರಾದವರು, ನುಣುಪು ಕಾಗದದ ಒಂದು ಬಣ್ಣದ ಪುಸ್ತಿಕೆಯನ್ನು ಸುರುಳಿ ಸುತ್ತಿ ಹಿಡಿದುಕೊಂಡು ನಮ್ಮ ಮನೆಗೆ ಬಂದರು. ಜಗುಲಿಯಲ್ಲಿ ಕುಳಿತು, ಮಳೆಯ ಮಾತು, ಬೋರ್ಡೋ ಔಷಧದ ಮಾತು, ಎಲೆಯಡಿಕೆ ಎಲ್ಲವೂ ಮುಗಿಯುವವರೆಗೆ ಆ ಸುರುಳಿಯನ್ನು ಬಿಚ್ಚದೆ ಇದ್ದು, ಹೊರಡುವ ವೇಳೆಗೆ ಮಾತ್ರ ಅದನ್ನು ನನ್ನ ಮುಂದಿಟ್ಟು, "ಮೇಷ್ಟ್ರೇ, ಇದೊಂದು ನೋಡಿ ಹೇಳಿ. ಮಗಳನ್ನ ಸೇರಿಸೋದೋ ಬೇಡವೋ?" ಎಂದರು. ಮಗಳು ಊರಿನ ಕನ್ನಡ ಶಾಲೆಯಲ್ಲಿಯೇ ಓದಿ ಎಸ್.ಎಸ್.ಎಲ್.ಸಿ.ಯಲ್ಲಿ ಶೇಕಡ 95 ಅಂಕಗಳನ್ನು ಪಡೆದಿದ್ದಳು. ಡಾಕ್ಟರಾಗಬೇಕೆಂಬುದು ಅವಳ ಆಸೆ, ಅಥವಾ ಅವಳದೆಂದು ಮನೆಯವರೆಲ್ಲರೂ ನಂಬಿದ್ದ ಆಸೆ. ಪುಸ್ತಿಕೆಯು ದೂರದ ಒಂದು ವಸತಿ ಕಾಲೇಜಿನದು. ಎರಡು ವರ್ಷಗಳ ಪಿಯುಸಿಯೊಡನೆ ನೀಟ್, ಜೆಇಇ, ಸಿಇಟಿಗಳ ತರಬೇತಿಯನ್ನೂ ಕೂಡಿಸಿ ಕೊಡುವ, ಈಗ 'ಇಂಟಿಗ್ರೇಟೆಡ್' ಎಂದು ಎಲ್ಲರ ಬಾಯಲ್ಲೂ ಇರುವ ವ್ಯವಸ್ಥೆ. ಶುಲ್ಕ, ಊಟ, ವಸತಿ ಎಲ್ಲ ಸೇರಿ ಎರಡು ವರ್ಷಕ್ಕೆ ಆರು ಲಕ್ಷ ರೂಪಾಯಿ ಎಂದು ಅವರು ಅದರ ಅಂಚಿನಲ್ಲಿ ಪೆನ್ಸಿಲಿನಿಂದ ಲೆಕ್ಕ ಬರೆದುಕೊಂಡಿದ್ದರು.

ಪ್ರಶ್ನೆಯು ಒಂದೇ ಉಸಿರಿನದು; ಉತ್ತರವೂ ಹಾಗೆಯೇ ಇರಲೆಂದು ಕೇಳುವವರು ಬಯಸುವುದು ಸಹಜ. ಆದರೆ ತರಬೇತಿಯು ಒಳ್ಳೆಯದೋ ಕೆಟ್ಟದ್ದೋ ಎಂದು ವಿಚಾರಿಸುವುದು, ರೋಗವಾವುದೆಂಬುದು ಗೊತ್ತಾಗುವ ಮುನ್ನವೇ ಔಷಧದ ಬೆಲೆಯನ್ನು ವಿಚಾರಿಸಿದಂತೆ. ಈ ಮಗುವಿನಲ್ಲಿ ಇರುವ ಕೊರತೆ ಯಾವುದು, ಆ ಕೊರತೆಯನ್ನು ಈ ಸಂಸ್ಥೆಯು ತುಂಬಬಲ್ಲುದೆ, ತುಂಬುವಾಗ ಅದು ಮಗುವಿನಿಂದ ತೆಗೆದುಕೊಳ್ಳುವುದೇನು ಎಂಬುದನ್ನು ನೋಡದೆ ಹೌದು ಎನ್ನುವವನೂ ಅಲ್ಲ ಎನ್ನುವವನೂ ಸಮಾನವಾಗಿ ಬೇಜವಾಬ್ದಾರರೆಂದು ನಾನು ಭಾವಿಸುತ್ತೇನೆ. ನನ್ನ ಬಾಲ್ಯದಲ್ಲಿ 'ಮನೆಪಾಠ'ವೆಂಬುದು ತುಸು ನಾಚಿಕೆಯ ಸಂಗತಿಯಾಗಿತ್ತು. ತರಗತಿಯಲ್ಲಿ ಹಿಂದುಳಿದ ಹುಡುಗನು ಸಂಜೆಯ ಕತ್ತಲಲ್ಲಿ ಮೇಷ್ಟರ ಮನೆಯ ಹಿತ್ತಲ ಬಾಗಿಲಿನಿಂದ ಹೋಗಿ ಬರುತ್ತಿದ್ದನು. ಈಗಲಾದರೋ ಮುಂದಿರುವ ಹುಡುಗನೇ ಮೊದಲು ಸೇರುತ್ತಾನೆ, ಸೇರದವನು ನಾಚಿಕೊಳ್ಳುತ್ತಾನೆ. ಒಂದು ತಲೆಮಾರಿನೊಳಗೆ ಲಜ್ಜೆಯು ಹೀಗೆ ಒಂದು ಪಕ್ಷದಿಂದ ಇನ್ನೊಂದು ಪಕ್ಷಕ್ಕೆ ದಾಟಿದುದಕ್ಕೆ ಕಾರಣವನ್ನು ಪಾಠದ ಗುಣದಲ್ಲಿ ಹುಡುಕುವುದಕ್ಕಿಂತ ಮಾರಾಟದ ಚಾತುರ್ಯದಲ್ಲಿ ಹುಡುಕುವುದು ಲೇಸು.

ಆ ಚಾತುರ್ಯದ ಮುಖ್ಯ ಸಾಧನವು ಫಲಿತಾಂಶದ ಮರುದಿನದ ವೃತ್ತಪತ್ರಿಕೆ. ಅಂಚೆಚೀಟಿಯ ಗಾತ್ರದ ನೂರಾರು ಮುಖಗಳು, ಪ್ರತಿಯೊಂದರ ಕೆಳಗೂ ಒಂದು ರ‍್ಯಾಂಕು. ಸ್ವಲ್ಪ ತಾಳ್ಮೆಯಿಂದ ನೋಡಿದರೆ ಒಂದೇ ಮುಖವು ಎರಡು ಸಂಸ್ಥೆಗಳ ಜಾಹೀರಾತಿನಲ್ಲಿ ನಗುತ್ತಿರುವುದೂ ಕಾಣಬಹುದು, ಏಕೆಂದರೆ ಒಂದು ಕಡೆ ಎರಡು ವರ್ಷ ಓದಿದವನು ಇನ್ನೊಂದು ಕಡೆ ಬರಿಯ ಪರೀಕ್ಷಾಮಾಲೆಗೆ ಹೆಸರು ಕೊಟ್ಟಿದ್ದರೂ ಅವನು ಅವರ ವಿದ್ಯಾರ್ಥಿಯೇ. ಯಶಸ್ವಿಗಳ ಲಿಖಿತ ಸಮ್ಮತಿಯಿಲ್ಲದೆ ಅವರ ಹೆಸರನ್ನೂ ಚಿತ್ರವನ್ನೂ ಬಳಸಕೂಡದೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರವು 2024ರ ನವೆಂಬರಿನಲ್ಲಿ ಮಾರ್ಗಸೂಚಿಗಳನ್ನು ಹೊರಡಿಸಿದುದು ಇಂತಹ ಹಾವಳಿಯನ್ನು ಕಂಡೇ. ಆದರೆ ಚಿತ್ರಗಳೆಲ್ಲವೂ ಸತ್ಯವೇ ಆಗಿರಲಿ, ಸಮ್ಮತಿಯೂ ಇರಲಿ. ಆಗಲೂ ಅವು ನಮಗೆ ತಿಳಿಸುವುದು ಅತ್ಯಲ್ಪ. ಪುಟದಲ್ಲಿ ಕಾಣುವ ಇನ್ನೂರು ಮುಖಗಳ ಹಿಂದೆ ಕಾಣದ ಎಷ್ಟು ಸಾವಿರ ಮುಖಗಳಿವೆಯೆಂಬುದನ್ನು ಯಾವ ಪುಟವೂ ಹೇಳುವುದಿಲ್ಲ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ವಿಷಯವಿದೆ: ಸಂಸ್ಥೆಗಳು ಪ್ರವೇಶಕ್ಕೆ ಮುಂಚೆ 'ಸ್ಕಾಲರ್‌ಶಿಪ್ ಟೆಸ್ಟ್' ಎಂಬ ಹೆಸರಿನಲ್ಲಿ ಒಂದು ಜರಡಿ ಹಿಡಿದು, ಗಟ್ಟಿ ಕಾಳನ್ನು ಶುಲ್ಕ ಬಿಟ್ಟುಕೊಟ್ಟಾದರೂ ಆರಿಸಿಕೊಂಡು, ಅದನ್ನು ಪ್ರತ್ಯೇಕ ಬ್ಯಾಚಿನಲ್ಲಿ ಕೂಡಿಸಿ, ಎರಡು ವರ್ಷದ ಮೇಲೆ ಅದರ ಗಟ್ಟಿತನಕ್ಕೆ ತಾವೇ ಕಾರಣರೆಂದು ಸಾರುತ್ತವೆ. ಕಬ್ಬಿನ ಸಿಹಿಯನ್ನು ಆಲೆಮನೆಯ ಗಾಣವು ತನ್ನದೆಂದು ಹೇಳಿಕೊಂಡಂತಾಯಿತು. ಆ ಗಟ್ಟಿ ಕಾಳಿನ ಶುಲ್ಕವನ್ನು ತೆರುವವರು ಪುಟದಲ್ಲಿ ಕಾಣದ ಆ ಸಾವಿರ ಮುಖಗಳ ತಂದೆತಾಯಿಗಳು.

ಹಾಗಾದರೆ ತರಬೇತಿಯಿಂದಲೇ ಹೆಚ್ಚಿದ ಅಂಕಗಳೆಷ್ಟು ಎಂಬುದನ್ನು ಅಳೆಯುವ ಬಗೆ ಹೇಗೆ? ಇದೇ ಹುಡುಗಿ ತರಬೇತಿಯಿಲ್ಲದೆ ಬರೆದಿದ್ದರೆ ಎಷ್ಟು ಬರುತ್ತಿತ್ತು ಎಂಬುದು ಗೊತ್ತಾಗಬೇಕು. ಒಬ್ಬಳೇ ಹುಡುಗಿ ಎರಡು ಬಾಳನ್ನು ಬಾಳಲಾರಳಾದುದರಿಂದ ಸಮಾನ ಯೋಗ್ಯತೆಯ ಎರಡು ಗುಂಪುಗಳನ್ನು ಹೋಲಿಸಬೇಕು. ಈ ಕೆಲಸವನ್ನು ಶ್ರಮವಹಿಸಿ ಮಾಡಿದವರು ಅಮೆರಿಕದವರು. ಅಲ್ಲಿಯ ಕಾಲೇಜು ಪ್ರವೇಶಕ್ಕಾಗಿ ಇರುವ ಸ್ಯಾಟ್ ಪರೀಕ್ಷೆಯಲ್ಲಿ ಪ್ರತಿಯೊಂದು ಭಾಗಕ್ಕೂ 200ರಿಂದ 800ರವರೆಗೆ ಅಂಕಗಳು. ಪವರ್ಸ್ ಮತ್ತು ರಾಕ್ ಎಂಬ ಇಬ್ಬರು ಸಂಶೋಧಕರು 1999ರಲ್ಲಿ ಪ್ರಕಟಿಸಿದ ಅಧ್ಯಯನದಂತೆ ಹಣ ತೆತ್ತು ಪಡೆದ ತರಬೇತಿಯ ನಿಜವಾದ ಫಲ ಭಾಷೆಯ ಭಾಗದಲ್ಲಿ ಸುಮಾರು 8, ಗಣಿತದ ಭಾಗದಲ್ಲಿ ಸುಮಾರು 18 ಅಂಕಗಳು ಮಾತ್ರ. ಪರೀಕ್ಷೆಗೆ ಸಂಬಂಧಪಟ್ಟವರೇ ಮಾಡಿದ ಅಧ್ಯಯನವಾದುದರಿಂದ ಅದನ್ನು ಸಂಶಯದಿಂದ ನೋಡಬಹುದು. ಆದರೆ ಆಮೇಲೆ ಸ್ವತಂತ್ರವಾಗಿ ಪರಿಶೀಲಿಸಿದ ಡೆರೆಕ್ ಬ್ರಿಗ್ಸ್ ಅವರಿಗೂ ಎರಡೂ ಭಾಗಗಳು ಸೇರಿ ಸುಮಾರು 30 ಅಂಕಗಳಿಗಿಂತ ಬಹಳ ಹೆಚ್ಚೇನೂ ಕಾಣಲಿಲ್ಲ. ಈ ಅಳತೆಯನ್ನು ಎತ್ತಿ ತಂದು ನಮ್ಮ ನೀಟ್‌ಗೆ ಹಾಗೆಯೇ ಅಂಟಿಸುವುದು ಅನ್ಯಾಯವಾದೀತು. ಸ್ಯಾಟ್ ಪರೀಕ್ಷೆಯು ಓದಿನ ಮತ್ತು ತರ್ಕದ ಸಾಮಾನ್ಯ ಶಕ್ತಿಯನ್ನು ನೋಡುವಂಥದು. ನಮ್ಮದು ಎರಡು ವರ್ಷದ ಪಠ್ಯವಿಷಯವನ್ನೇ ಕೆದಕಿ ಕೇಳುವಂಥದು, ಆದುದರಿಂದ ವಿಷಯವನ್ನು ಚೆನ್ನಾಗಿ ಕಲಿಸಿದರೆ ಇಲ್ಲಿ ಅಂಕವು ಅಲ್ಲಿಗಿಂತ ಹೆಚ್ಚು ಏರುವುದು ಸಾಧ್ಯ. ಒಪ್ಪಿದೆ. ಆದರೆ ವಿಷಯವನ್ನು ಚೆನ್ನಾಗಿ ಕಲಿಸುವುದು ಕಾಲೇಜಿನ ಧರ್ಮವಷ್ಟೆ? ಆ ಧರ್ಮವು ನೆರವೇರಿದ ಕಡೆ ತರಬೇತಿಗೆ ಉಳಿಯುವ ಕೆಲಸವೆಷ್ಟು ಎಂಬುದೇ ವಿಚಾರಣೀಯ.

ಉಳಿಯುವುದರಲ್ಲಿ ಒಂದು, ಅವರು ಬಹು ಗುಟ್ಟಿನಿಂದ ಹೇಳಿಕೊಡುವ 'ಟೆಕ್ನಿಕ್' ಎಂಬುದು. ಅದರ ಸಾರವನ್ನು ಅರ್ಧ ಹಾಳೆಯಲ್ಲಿ ಬರೆಯಬಹುದು. ಪುಕ್ಕಟೆಯಾಗಿ ಇಲ್ಲಿಯೇ ಬರೆದುಬಿಡುತ್ತೇನೆ. ನಮ್ಮ ಸಿಇಟಿಯಲ್ಲಿ ಒಂದೊಂದು ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ, ತಪ್ಪಿಗೆ ಕಳೆತವಿಲ್ಲ. ಆದುದರಿಂದ ಓಎಂಆರ್ ಹಾಳೆಯಲ್ಲಿ ಒಂದು ವೃತ್ತವನ್ನೂ ಖಾಲಿ ಬಿಡುವುದು ಮೂರ್ಖತನ, ಏಕೆಂದರೆ ಕಣ್ಣು ಮುಚ್ಚಿ ತುಂಬಿದರೂ ಸರಾಸರಿ ನಾಲ್ಕಕ್ಕೊಂದು ಸರಿಯಾಗಿ 60ಕ್ಕೆ 15 ಬರಬಹುದು. ನೀಟ್‌ನಲ್ಲಿ 180 ಪ್ರಶ್ನೆ, 180 ನಿಮಿಷ, ಸರಿಯುತ್ತರಕ್ಕೆ ನಾಲ್ಕು ಅಂಕ, ತಪ್ಪಿಗೆ ಒಂದು ಕಳೆತ. ನಾಲ್ಕರಲ್ಲಿ ಕುರುಡಾಗಿ ಒಂದನ್ನು ಆರಿಸಿದರೆ ಸರಾಸರಿ ಲಾಭ ಕಾಲು ಅಂಕ. ಎರಡು ಉತ್ತರಗಳನ್ನು ಖಚಿತವಾಗಿ ತಳ್ಳಿಹಾಕಿ ಉಳಿದೆರಡರಲ್ಲಿ ಒಂದನ್ನು ಆರಿಸಿದರೆ ಒಂದೂವರೆ ಅಂಕ. ಆದುದರಿಂದ ಅರೆ ತಿಳಿದ ಪ್ರಶ್ನೆಯನ್ನು ಬಿಡಬೇಡ, ಕಠಿನವಾದುದರ ಮೇಲೆ ಕುಳಿತು ಸುಲಭವಾದುದನ್ನು ಕಳೆದುಕೊಳ್ಳಬೇಡ. ಇಷ್ಟೇ. ಹತ್ತನೆಯ ತರಗತಿಯ ಸಂಭವನೀಯತೆಯ ಲೆಕ್ಕವಿದು. ಇದಕ್ಕಾಗಿ ಯಾರೂ ತೋಟದ ಫಸಲನ್ನು ಒತ್ತೆಯಿಡಬೇಕಾಗಿಲ್ಲ.

ಇನ್ನು ಅವರ 'ಸ್ಟಡಿ ಮೆಟೀರಿಯಲ್' ಎಂಬ ಒಂದು ಚೀಲ ತುಂಬ ಪುಸ್ತಕಗಳು. ನಮ್ಮ ಪಿಯು ವಿಜ್ಞಾನದ ಪಠ್ಯಗಳು ಎನ್‌ಸಿಇಆರ್‌ಟಿಯವೇ. ಜೀವಶಾಸ್ತ್ರದಲ್ಲಂತೂ ನೀಟ್‌ನ ಪ್ರಶ್ನೆಗಳು ಆ ಪುಸ್ತಕದ ವಾಕ್ಯಗಳನ್ನೇ ಮುರಿದು ಜೋಡಿಸಿದಂತಿರುತ್ತವೆ. 2024ರ ಸಿಇಟಿಯಲ್ಲಿ ನಿಗದಿಯಾದ ಪಠ್ಯಕ್ಕೆ ಹೊರತಾದ ಪ್ರಶ್ನೆಗಳು ಬಂದು, ಗದ್ದಲವೆದ್ದು, ಕೊನೆಗೆ ಪರೀಕ್ಷಾ ಪ್ರಾಧಿಕಾರವು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಡಬೇಕಾಯಿತು. ಪಠ್ಯಪುಸ್ತಕದ ಗಡಿಯೇ ಪರೀಕ್ಷೆಯ ಗಡಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇಷ್ಟು ಹೇಳಿದ ಮೇಲೆ, ತರಬೇತಿಯು ಎಲ್ಲರಿಗೂ ವ್ಯರ್ಥವೆಂದು ನಾನು ಹೇಳಹೊರಟೆನೆಂದು ಯಾರೂ ತಿಳಿಯಬಾರದು. ನನ್ನ ಬಂಧುಗಳ ಪೈಕಿ ಒಬ್ಬ ಹುಡುಗನು ಓದುತ್ತಿದ್ದ ಕಾಲೇಜಿನಲ್ಲಿ ರಸಾಯನಶಾಸ್ತ್ರದ ಉಪನ್ಯಾಸಕರು ವರ್ಗವಾಗಿ ಹೋದ ಮೇಲೆ ಏಳು ತಿಂಗಳು ಆ ಸ್ಥಾನ ಖಾಲಿ ಉಳಿದು, ಗಂಟೆ ಹೊಡೆದಾಗ ಹುಡುಗರು ಮೈದಾನಕ್ಕೆ ಹೋಗುವುದೇ ಆ ಶಾಸ್ತ್ರದ ಪಾಠವಾಗಿತ್ತು. ಅಂಥವನಿಗೆ ಸಂಜೆಯ ತರಬೇತಿ ವರ್ಗವೇ ಕಾಲೇಜಾಯಿತು. ಅಲ್ಲಿ ತೆತ್ತ ಹಣಕ್ಕೆ ಶೇಕಡ 18ರ ಜಿಎಸ್‌ಟಿಯನ್ನೂ ಸೇರಿಸಿ ತೆತ್ತನಾದರೂ, ಅವನಿಗೆ ಅದು ದಕ್ಕಿತೆಂದೇ ನನ್ನ ಲೆಕ್ಕ. ಹಾಗೆಯೇ ಮನೆಯಲ್ಲಿ ಓದುವ ವಾತಾವರಣವಿಲ್ಲದವನು, ತಾನಾಗಿ ಮೇಜಿನ ಮುಂದೆ ಕೂರಲಾರದವನು, ಓರಗೆಯವರ ನಡುವೆ ಮಾತ್ರ ಚುರುಕಾಗುವವನು, ಇಂಥವರಿಗೆ ಬೇಕಾಗಿರುವುದು ವೇಳಾಪಟ್ಟಿ ಮತ್ತು ಹತ್ತಿರ ನಿಂತು ಗಡಿಯಾರ ನೋಡುವ ಒಬ್ಬ ಮನುಷ್ಯ. ತರಬೇತಿಯ ಅಂಗಡಿಯಲ್ಲಿ ಮಾರಾಟವಾಗುವ ಸರಕುಗಳಲ್ಲಿ ಅತ್ಯಂತ ಪ್ರಾಮಾಣಿಕವಾದುದು ಇದೊಂದೇ ಎಂದು ನನಗೆ ತೋರುತ್ತದೆ. ಅದಕ್ಕೆ ಆರು ಲಕ್ಷ ಹೆಚ್ಚಾಯಿತೋ ಇಲ್ಲವೋ ಎಂಬುದನ್ನು ಅವರವರ ಅನುಕೂಲವೇ ನಿರ್ಣಯಿಸಬೇಕು.

ಆದರೆ ಆ ಬೆಳೆಗಾರರ ಮಗಳ ಕೊರತೆ ಬೇರೆಯದಾಗಿತ್ತು. ಇಲ್ಲಿ ನಾನು ತುಸು ನಿಧಾನವಾಗಿ ಹೇಳಬೇಕು. ಹತ್ತು ವರ್ಷ ಕನ್ನಡದಲ್ಲಿ ವಿಜ್ಞಾನವನ್ನು ಕಲಿತ ಮಗು ಪಿಯುಸಿಯ ಮೊದಲ ದಿನ ಇಂಗ್ಲಿಷಿನ ಹೊಳೆಗೆ ಬೀಳುತ್ತದೆ. ಸಂವೇಗವೆಂದರೇನೆಂದು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲ ಹುಡುಗನು 'ಮೊಮೆಂಟಮ್' ಎಂದೊಡನೆ ತಬ್ಬಿಬ್ಬಾಗುತ್ತಾನೆ. ವೇಗೋತ್ಕರ್ಷವನ್ನು ಬಲ್ಲವಳು 'ಆಕ್ಸೆಲರೇಷನ್' ಎಂಬುದನ್ನು ಹೊಸ ವಸ್ತುವೆಂದು ತಿಳಿದು ಮೊದಲಿನಿಂದ ಬಾಯಿಪಾಠ ಮಾಡುತ್ತಾಳೆ. ಒಮ್ಮೆ ನನ್ನ ತರಗತಿಯ ಒಬ್ಬ ವಿದ್ಯಾರ್ಥಿಯ ಉತ್ತರಪತ್ರಿಕೆಯಲ್ಲಿ ಲೆಕ್ಕದ ಕ್ರಮವೆಲ್ಲ ಸರಿಯಾಗಿದ್ದು ಉತ್ತರ ಮಾತ್ರ ವಿಪರೀತವಾಗಿ ಬಂದುದನ್ನು ಕಂಡು ಕರೆದು ಕೇಳಿದಾಗ, ಅವನು 'ಮೊಮೆಂಟ್' ಮತ್ತು 'ಮೊಮೆಂಟಮ್' ಎಂಬುವು ಒಂದೇ ಪದದ ಎರಡು ರೂಪಗಳೆಂದು, ಹುಡುಗ ಹುಡುಗರು ಎಂಬಂತೆ, ಒಂದು ಇಡೀ ಅವಧಿ ನಂಬಿಕೊಂಡಿದ್ದುದು ತಿಳಿಯಿತು. ಇಂತಹ ಮಗುವನ್ನು ದಿನಕ್ಕೊಂದು ಅಧ್ಯಾಯವನ್ನು ಮುಗಿಸುವ, ನೂರಿಪ್ಪತ್ತು ಜನರ, ಹೈದರಾಬಾದಿನಿಂದಲೋ ಕೋಟಾದಿಂದಲೋ ಬಂದ ಉಪನ್ಯಾಸಕರು ಇಂಗ್ಲಿಷ್ ಹಿಂದಿಗಳನ್ನು ಬೆರೆಸಿ ಬೋಧಿಸುವ ತರಗತಿಯಲ್ಲಿ ಕೂಡಿಸಿದರೆ ಅದರ ಬುದ್ಧಿಯು ಹೆಚ್ಚುವುದೆಂತು? ಮೂರನೆಯ ವಾರದ ಪರೀಕ್ಷೆಯಲ್ಲಿ ಕೆಳಗಿನ ಬ್ಯಾಚಿಗೆ ಇಳಿಯುತ್ತದೆ, ಕನ್ನಡ ಶಾಲೆಯಲ್ಲಿ ಮೊದಲನೆಯದಾಗಿದ್ದ ಮಗು ತಾನು ದಡ್ಡನೆಂಬ ತೀರ್ಮಾನಕ್ಕೆ ಬರುತ್ತದೆ. ನೀಟ್ ಪ್ರಶ್ನೆಪತ್ರಿಕೆಯು 2017ರಿಂದ ಕನ್ನಡದಲ್ಲಿಯೂ ದೊರೆಯುತ್ತದೆ. ಆದರೆ ಪಿಯುಸಿಯ ವಿಜ್ಞಾನವೇ ಇಂಗ್ಲಿಷಿನಲ್ಲಿ ನಡೆಯುವಾಗ ಆರಿಸಿಕೊಳ್ಳುವವರು ವಿರಳ. ಆ ಹುಡುಗಿಗೆ ಬೇಕಾಗಿದ್ದುದು ಮೊದಲ ಆರು ತಿಂಗಳು ಎರಡು ಭಾಷೆಗಳ ನಡುವೆ ಕೈಹಿಡಿದು ದಾಟಿಸುವ ಒಬ್ಬ ಮೇಷ್ಟರು. ಪುಸ್ತಿಕೆಯ ನಲವತ್ತು ಪುಟಗಳಲ್ಲಿ ಈಜುಕೊಳವಿತ್ತು, ಎ.ಸಿ. ಕೊಠಡಿಯಿತ್ತು, ಆ ಮೇಷ್ಟರು ಇರಲಿಲ್ಲ.

ಇನ್ನೊಂದು ವಿಷಯವನ್ನೂ ಆ ಪುಸ್ತಿಕೆ ಹೇಳಿರಲಿಲ್ಲ. ಒಂದರಿಂದ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ರಾಜ್ಯದ ಸೀಟುಗಳಲ್ಲಿ ಶೇಕಡ 5, ಗ್ರಾಮಾಂತರದಲ್ಲಿ ಓದಿದವರಿಗೆ ಶೇಕಡ 15 ಮೀಸಲು. ಸೀಟು ಹಂಚಿಕೆಯ ಪಟ್ಟಿಯಲ್ಲಿ ವರ್ಗದ ಮುಂದೆ ಕಾಣುವ 'ಕೆ' ಮತ್ತು 'ಆರ್' ಎಂಬ ಅಕ್ಷರಗಳ ಅರ್ಥ ಇದೇ. ಪ್ರಾಧಿಕಾರವು ಪ್ರಕಟಿಸುವ ಹಿಂದಿನ ವರ್ಷದ ಕಟ್ ಆಫ್ ಪಟ್ಟಿಯನ್ನು ತೆಗೆದು, ನಮ್ಮ ವರ್ಗದಲ್ಲಿ ಕೊನೆಯ ಸೀಟು ಯಾವ ರ‍್ಯಾಂಕಿಗೆ ಹೋಯಿತೆಂದು ನೋಡದೆ ತರಬೇತಿಯ ಮಾತೆತ್ತುವುದು, ಎಷ್ಟು ಎತ್ತರದ ಗೋಡೆಯೆಂದು ನೋಡದೆ ಏಣಿ ಕೊಂಡಂತೆ. ಎಂಜಿನಿಯರಿಂಗ್ ಬಯಸುವವರಾದರೆ ಸಿಇಟಿ ರ‍್ಯಾಂಕಿನಲ್ಲಿ ಅರ್ಧ ಭಾಗ ಪಿಯುಸಿಯ ಅಂಕಗಳದೇ ಎಂಬುದನ್ನು ಮರೆಯಬಾರದು. ಕಾಲೇಜಿನ ಪಾಠವನ್ನು ಕಡೆಗಣಿಸಿ ತರಬೇತಿಗೆ ಓಡುವ ಹುಡುಗನು ಒಂದು ಕೈಯಿಂದ ಗಳಿಸಿದುದನ್ನು ಇನ್ನೊಂದು ಕೈಯಿಂದ ಚೆಲ್ಲುತ್ತಾನೆ.

ಹಣದ ಮಾತನ್ನು ಸಾಕಷ್ಟು ಆಡಿದೆವು. ಹೊತ್ತಿನ ಮಾತನ್ನು ಯಾರೂ ಆಡುವುದಿಲ್ಲ. ಪುಸ್ತಿಕೆಯ ಕೊನೆಯ ಪುಟದಲ್ಲಿ ದಿನಚರಿಯನ್ನು ಹೆಮ್ಮೆಯಿಂದ ಅಚ್ಚುಮಾಡಿದ್ದರು: ಬೆಳಗಿನ ಐದಕ್ಕೆ ಏಳುವುದು, ಐದೂವರೆಗೆ ಓದು, ರಾತ್ರಿ ಹತ್ತೂವರೆಗೆ ದೀಪ ಆರಿಸುವುದು, ನಡುವೆ 'ಮನರಂಜನೆ' ಎಂದು ಇಪ್ಪತ್ತು ನಿಮಿಷ. ಹದಿನಾರು ವರ್ಷದ ದೇಹದಿಂದ ಎರಡು ವರ್ಷ ಹೀಗೆ ಕಿತ್ತುಕೊಂಡ ನಿದ್ದೆಗೆ ಯಾವ ರಸೀದಿಯೂ ಇಲ್ಲ. ರಾಜಸ್ಥಾನದ ಕೋಟಾ ನಗರದಲ್ಲಿ, ಸ್ನಾಯುಕ್ಷಯದಿಂದ ನರಳುತ್ತಿದ್ದ ವಿ.ಕೆ. ಬನ್ಸಾಲ್ ಎಂಬ ಎಂಜಿನಿಯರು 1980ರ ದಶಕದಲ್ಲಿ ತಮ್ಮ ಮನೆಯಲ್ಲಿಯೇ ಕೆಲವರು ಹುಡುಗರಿಗೆ ಪಾಠ ಹೇಳಲಾರಂಭಿಸಿದುದು ಒಂದು ಉದಾತ್ತವಾದ ಕಥೆ. ಅದೇ ನಗರದಲ್ಲಿ 2023ರಲ್ಲಿ ವಿದ್ಯಾರ್ಥಿಗಳ ಆತ್ಮಹತ್ಯೆಗಳನ್ನು ತಡೆಯಲು ಹಾಸ್ಟೆಲುಗಳ ಫ್ಯಾನುಗಳಿಗೆ ಸ್ಪ್ರಿಂಗ್ ಹಾಕಿಸಬೇಕೆಂದು ಜಿಲ್ಲಾಡಳಿತವು ಆಜ್ಞೆ ಮಾಡಬೇಕಾದುದು ಆ ಕಥೆಯ ಮುಂದಿನ ಅಧ್ಯಾಯ. ಹದಿನಾರು ತುಂಬದವರನ್ನು ಸೇರಿಸಿಕೊಳ್ಳಕೂಡದು, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಶುಲ್ಕವನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕು ಎಂದು 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ಮಾರ್ಗಸೂಚಿ ಹೊರಡಿಸಿತು. ನನ್ನ ನೆರೆಯವರೊಬ್ಬರು, ಮಗನಿಗೆ ಕಾಮಾಲೆಯಾಗಿ ಮೂರು ತಿಂಗಳಿಗೇ ಬಿಡಿಸಿದವರು, ಆ ಮಾರ್ಗಸೂಚಿಯ ಪ್ರತಿಯನ್ನು ಹಿಡಿದುಕೊಂಡು ಸಂಸ್ಥೆಯ ಕಚೇರಿಗೆ ಹೋದಾಗ, ಅಲ್ಲಿಯ ಗುಮಾಸ್ತನು ಅರ್ಜಿಯ ಹಿಂಭಾಗದಲ್ಲಿ ಸಣ್ಣಕ್ಷರದಲ್ಲಿದ್ದ ಒಂದು ಸಾಲನ್ನು ಬೆರಳಿಟ್ಟು ತೋರಿಸಿ, "ನೀವೇ ಸೈನ್ ಮಾಡಿದೀರಲ್ಲ ಸಾರ್" ಎಂದನಂತೆ.

ಇದನ್ನೆಲ್ಲ ಸಮಾಜದ ಕಡೆಯಿಂದ ನೋಡಿದರೆ ವಿಚಿತ್ರವು ಇನ್ನೂ ಹೆಚ್ಚುತ್ತದೆ. 2024ರಲ್ಲಿ ನೀಟ್ ಬರೆದವರು 23 ಲಕ್ಷಕ್ಕೂ ಮಿಕ್ಕಿದವರು, ಎಂಬಿಬಿಎಸ್ ಸೀಟುಗಳು ಒಂದು ಲಕ್ಷಕ್ಕೆ ತುಸು ಮೇಲ್ಪಟ್ಟು. ಅಷ್ಟೂ ಜನ ಅತ್ಯುತ್ತಮವಾದ ತರಬೇತಿಯನ್ನು ಪಡೆದರೂ ಒಂದು ಸೀಟೂ ಹೆಚ್ಚಾಗುವುದಿಲ್ಲ, ಕಟ್ ಆಫ್ ಮಾತ್ರ ಮೇಲೇರುತ್ತದೆ. ಜಾತ್ರೆಯಲ್ಲಿ ಮುಂದಿನವನು ತೇರು ನೋಡಲು ಹೆಗಲೇರಿದರೆ ಹಿಂದಿನವರೆಲ್ಲರೂ ಹೆಗಲು ಹುಡುಕಬೇಕಾಗುತ್ತದೆ. ಕರ್ನಾಟಕವು ಕ್ಯಾಪಿಟೇಶನ್ ಶುಲ್ಕವನ್ನು ನಿಷೇಧಿಸುವ ಶಾಸನವನ್ನು ಮಾಡಿದುದು 1984ರಲ್ಲಿ. ಉನ್ನಿಕೃಷ್ಣನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 1993ರಲ್ಲಿ ಕೊಟ್ಟ ತೀರ್ಪಿನ ಬೆನ್ನಿಗೆ 1994ರಲ್ಲಿ ಇಲ್ಲಿ ಸಿಇಟಿ ಕೋಶವು ಏರ್ಪಟ್ಟಿತು. ಹಣದ ಥೈಲಿಯಿಲ್ಲದ ಬುದ್ಧಿವಂತನಿಗೂ ಬಾಗಿಲು ತೆರೆಯಲೆಂಬುದು ಅದರ ಉದ್ದೇಶ. ಬಹುಕಾಲ ಅದು ಬಹುಮಟ್ಟಿಗೆ ನೆರವೇರಿತೆಂದೂ ಹೇಳಬೇಕು. ಆದರೆ ಅಂದು ಕಾಲೇಜಿನ ಬಾಗಿಲಲ್ಲಿ ವಸೂಲಾಗುತ್ತಿದ್ದ ಸುಂಕವು ಇಂದು ಎರಡು ವರ್ಷ ಮೊದಲೇ, ಬಾಗಿಲಿಗೆ ಹೋಗುವ ದಾರಿಯಲ್ಲಿ, ಕಂತು ಕಂತಾಗಿ, ಕಾನೂನಿಗೆ ಸಮ್ಮತವಾಗಿಯೇ ವಸೂಲಾಗುತ್ತಿದೆ. ಅಂದು ತೆತ್ತವನಿಗೆ ಸೀಟಾದರೂ ಖಚಿತವಾಗಿತ್ತು.

ಇದು ಸರ್ಕಾರಗಳು ಯೋಚಿಸಬೇಕಾದ ವಿಷಯ. ಜಗುಲಿಯ ಮೇಲೆ ಕುಳಿತ ತಂದೆಗೆ ಇದರಿಂದ ಏನೂ ಆಗಬೇಕಾದುದಿಲ್ಲ. "ಎಲ್ಲರೂ ಸೇರಿಸ್ತಿದಾರೆ, ನಾನೊಬ್ಬ ಸೇರಿಸದೆ ಇದ್ದು ನಾಳೆ ಸೀಟು ಸಿಗದಿದ್ದರೆ ಅವಳ ಮುಖ ಹೇಗೆ ನೋಡಲಿ ಮೇಷ್ಟ್ರೇ?" ಎಂದರು ಅವರು. ಈ ಮಾತಿನಲ್ಲಿ ಎಲ್ಲವೂ ಅಡಗಿದೆ. ಶುಲ್ಕದ ಒಂದು ದೊಡ್ಡ ಪಾಲನ್ನು ತಂದೆತಾಯಿಗಳು ಮಗುವಿನ ಅಂಕಕ್ಕಾಗಿ ತೆರುವುದಿಲ್ಲ, ನಾಳೆ ತಮ್ಮ ಮೇಲೆ ಬರಬಹುದಾದ ಅಪವಾದದ ನಿವಾರಣೆಗಾಗಿ ತೆರುತ್ತಾರೆ. ಹರಕೆಯ ಹಣದಂತೆ ಅದು. ಹರಕೆಯನ್ನು ನಾನು ಹಾಸ್ಯ ಮಾಡುವವನಲ್ಲ, ಆದರೆ ಅದನ್ನು ಹರಕೆಯೆಂದು ತಿಳಿದು ಸಲ್ಲಿಸುವುದು ಒಳ್ಳೆಯದು.

ನಾನು ಅವರಿಗೆ ಹೇಳಿದುದು ಇಷ್ಟು: ಮಗಳನ್ನು ತೀರ್ಥಹಳ್ಳಿಯ ಕಾಲೇಜಿಗೇ ಸೇರಿಸಿ, ಮೊದಲ ಆರು ತಿಂಗಳು ಅವಳು ನನ್ನಲ್ಲಿಗೆ ಬರಲಿ, ಎರಡು ಭಾಷೆಯ ಪದಗಳನ್ನು ಹೊಂದಿಸೋಣ, ಎರಡನೆಯ ವರ್ಷದಲ್ಲಿ ಕೆಲವು ಸಾವಿರಕ್ಕೆ ದೊರೆಯುವ ಪರೀಕ್ಷಾಮಾಲೆಯೊಂದನ್ನು ಕೊಡಿಸಿ, ಅಷ್ಟರಲ್ಲಿ ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರವಿಟ್ಟು ಬರೆಸಿ ನೋಡೋಣ, ತಪ್ಪುಗಳು ವಿಷಯ ತಿಳಿಯದೆ ಆದುವಾದರೆ ಆಗ ಆ ವಿಷಯವೊಂದಕ್ಕೆ ಮಾತ್ರ ಯಾರನ್ನಾದರೂ ಹುಡುಕೋಣ. ಅವರು ಅರೆಮನಸ್ಸಿನಿಂದ ಒಪ್ಪಿದರು. ಹೀಗೆ ಹೇಳಿ ಒಂದು ಮಗುವಿನ ಎರಡು ವರ್ಷವನ್ನು ನನ್ನ ತಲೆಯ ಮೇಲೆ ಹಾಕಿಕೊಂಡೆನಲ್ಲ ಎಂದು ಆ ರಾತ್ರಿ ನನಗೂ ನಿದ್ದೆ ಬರಲಿಲ್ಲ.

ಅವಳೀಗ ಎರಡನೆಯ ಪಿಯುಸಿಯಲ್ಲಿದ್ದಾಳೆ. ಭಾನುವಾರ ಬೆಳಗ್ಗೆ ನಮ್ಮ ಜಗುಲಿಯ ಮೇಜಿನ ಮೇಲೆ ಟೈಂಪೀಸು ಇಟ್ಟುಕೊಂಡು ಹಳೆಯ ಸಿಇಟಿ ಪತ್ರಿಕೆಯೊಂದನ್ನು 80 ನಿಮಿಷ ಬರೆಯುತ್ತಾಳೆ. ಆಮೇಲೆ ತಪ್ಪುಗಳನ್ನು 'ಗೊತ್ತಿರಲಿಲ್ಲ' ಮತ್ತು 'ಗೊತ್ತಿದ್ದೂ ತಪ್ಪಿದ್ದು' ಎಂಬ ಎರಡು ಸಾಲುಗಳಲ್ಲಿ ಬರೆಯುತ್ತಾಳೆ. ಕಳೆದ ವಾರ ಭೌತಶಾಸ್ತ್ರದಲ್ಲಿ 60ಕ್ಕೆ 43. ಎರಡನೆಯ ಸಾಲಿನಲ್ಲಿ ಹನ್ನೊಂದು. ಕರೆದೊಯ್ಯಲು ಬಂದ ತಂದೆ ಬೈಕಿನಿಂದ ಇಳಿಯದೆಯೇ "ಎಷ್ಟು ಬಂತು ಮಗಾ?" ಎಂದು ಕೇಳಿ, ಉತ್ತರ ಕೇಳಿದ ಮೇಲೆ ನನ್ನ ಕಡೆ ನೋಡಿದರು. ಅವಳು ತನ್ನ ರಸಾಯನಶಾಸ್ತ್ರದ ರೆಕಾರ್ಡು ಪುಸ್ತಕವನ್ನು ಚೀಲಕ್ಕೆ ತುರುಕುತ್ತಿದ್ದಳು. ಅದಕ್ಕೆ ಹಾಕಿದ್ದ ಹೊದಿಕೆಯ ಕಾಗದ ನುಣುಪಾಗಿತ್ತು. ಅಂಚೆಚೀಟಿಯ ಗಾತ್ರದ ಮುಖಗಳು, ಅಂಚಿನಲ್ಲಿ ಪೆನ್ಸಿಲಿನ ಲೆಕ್ಕ.